ಕಣ್ಣು ತೆರೆಯದ ಕಾರಣವ

ನನ್ನ ಬಾಡಿಗೆ ಮನೆಯಲ್ಲಿ ಹದಿನೇಳು ಮಂದಿ ಇದ್ದಾರೆ,
ಒಬ್ಬರ ಹೆಸರೂ ಪಡಿತರ ಚೀಟಿಯಲ್ಲಿಲ್ಲ.

ಕಿಟಕಿ ಬದಿಯ ಕುದುರೆಗೆ ಮೂರೇ ಕಾಲು.
ಗುಳಿಗನ ಕೋರೆಹಲ್ಲಿಗೆ ಯಾರೋ ಬಳಿದ
ಗೇಟಿನ ಹಸಿರು ಪೇಂಟು.
ಹೆಸರು ಗೊತ್ತಿಲ್ಲದ ಅಜ್ಜಿಯೊಬ್ಬಳ ಮೂಗು
ಎಣ್ಣೆ ಉಜ್ಜಿದ ಬೆರಳುಗಳಿಗೇ ಸವೆದುಹೋಗಿದೆ.

ನಾನು ಮೋಜಣಿದಾರ. ಮೂವತ್ತೊಂದು ವರ್ಷ
ವಿರಾಜಪೇಟೆ ತಾಲೂಕಿನ ಗದ್ದೆ ಬಾಣೆಗಳ ಮೇಲೆ
ಸರಪಳಿ ಎಳೆದವನು.
ಪಾಲಿನ ದಿನ ಎಷ್ಟೋ ಅಂಗಳದಲ್ಲಿ ನಿಂತು ನೋಡಿದ್ದೇನೆ:
ಒಡಿಕತ್ತಿ ಇವನಿಗೆ, ಕೋವಿ ಅವನಿಗೆ,
ಕಾಫಿ ಒಣಗಿಸುವ ಕಣಕ್ಕೆ ಒಂದು ಗಂಟೆ ಜಗಳ.
ಕೈಮಡದ ಹಿಂದೆ ಗೋಡೆಗೊರಗಿದ ಮರದ ಮನುಷ್ಯನಿಗೆ ಮಾತ್ರ
ಸರ್ವೆ ನಂಬರಿಲ್ಲ.
"ಅದಾ? ಹಿತ್ತಾಳೆಯವನು ಬಂದಮೇಲೆ
ಹೊಳೆಗೆ ಬಿಡಬೇಕಿತ್ತು. ಯಾರಿಗೂ ಪುರಸೊತ್ತಾಗಲಿಲ್ಲ."
ಹೊಳೆಯ ದಾರಿಯಲ್ಲಿ ನಾನಿದ್ದೆ.
ಜೀಪಿನ ಹಿಂಬದಿ, ಗುರುತುಕಲ್ಲುಗಳ ನಡುವೆ,
ಗೋಣಿ ಹೊದ್ದು ಬಂದವರೇ ಹೆಚ್ಚು.

ಈ ಹದಿನೇಳನೆಯವನು ಹಾಗೆ ಬಂದವನಲ್ಲ.
ಗೋಣಿಕೊಪ್ಪದಲ್ಲಿ, ಆಲಿಕುಟ್ಟಿಯ ಗುಜರಿಯಲ್ಲಿ,
ಹಳೇ ಬಸ್ಸಿನ ಸೀಟೊಂದರ ಮೇಲೆ
ಟಿಕೇಟಿಲ್ಲದವನ ಹಾಗೆ ಮುದುರಿ ಕೂತಿದ್ದ.
ಹಲಸು. ಎರಡಡಿ ಒಂದಂಗುಲ. ಬಲಗೈ ಇಲ್ಲ.
ಎಂಟುನೂರು ಹೇಳಿದ, ಆರೂವರೆಗೆ ಬಂತು.

ಕೈ ಜೋಡಿಸಲು ಬೇಟೋಳಿಯಿಂದ ಐರಿ ಚೋಮಣಿ ಬಂದ.
ಮೂರ್ತಿಯನ್ನು ಕರುವಿನಂತೆ ಅಡಿಮೇಲು ಮಾಡಿ ನೋಡಿದ.
"ಉಳಿಯ ಏಟು ಎಡದಿಂದ ಬಿದ್ದಿದೆ.
ನನ್ನ ಅಜ್ಜ ಎಡಚ."
ಆಮೇಲೆ ಹೆಬ್ಬೆರಳಿನಿಂದ ಕಣ್ಣಿನ ಜಾಗ ಸವರಿ
ತುಸು ಹೊತ್ತು ಸುಮ್ಮನಿದ್ದ.
"ಇವನಿಗೆ ಕಣ್ಣು ತೆರೆದಿಲ್ಲ.
ಮಾಡಿಸಿದ ಒಕ್ಕದವರು ಒಯ್ಯಲು ಬರಲೇ ಇಲ್ಲ.
ಸಿಡುಬೋ, ಜಗಳವೋ, ದುಡ್ಡಿರಲಿಲ್ಲವೋ.
ನಮ್ಮ ಕೊಟ್ಟಿಗೆಯಲ್ಲಿ ನಿಂತಿದ್ದ. ಇವನ ಹೆಗಲಿಗೆ
ಅಪ್ಪ ಅಂಗಿ ತೂಗುಹಾಕುತ್ತಿದ್ದ, ನಾನೂ."

ನಾಲ್ಕು ವರ್ಷ ಇವನೆದುರು
ನಾನು ಬರಿಮೈಯಲ್ಲಿ ಓಡಾಡಿರಲಿಲ್ಲ.

"ತೆರೆಯಲಾ? ಎರಡು ಗೆರೆ. ಅರ್ಧ ನಿಮಿಷ."
"ಆಮೇಲೆ?"
"ಆಮೇಲೆ ವರ್ಷಕ್ಕೊಮ್ಮೆ ಕೋಳಿ, ರೊಟ್ಟಿ, ಒಂದು ಲೋಟ ಸಾರಾಯಿ.
ನೀವು ಯಾರ ಮಗ, ಅವನು ಯಾರ ಮಗ
ಅಂತ ಕೇಳುತ್ತಾನೆ. ಹೇಳಬೇಕು."

ನಾನು ಕೆ.ಆರ್. ನಗರದವನು. ವರ್ಗವಾಗಿ ಬಂದು ಉಳಿದವನು.
ಊರವರ ಜಮ್ಮಾ ಜಮೀನಿನ ನಾಲ್ಕು ತಲೆಮಾರು
ಕಡತವಿಲ್ಲದೆ ಒಪ್ಪಿಸಬಲ್ಲೆ.
ನನ್ನ ಅಜ್ಜ ಕೆಂಪಾಚಾರಿ. ಅವನಪ್ಪ?
ಬಾಯಿ ತೆರೆದೆ, ಕೆಮ್ಮು ಬಂತು.

"ಇವತ್ತು ಬೇಡ," ಎಂದೆ.
ಚೋಮಣಿ ಬೀಡಿ ಹಚ್ಚಿದ, ಒತ್ತಾಯಿಸಲಿಲ್ಲ.

ಹೊಸ ಕೈ ಹಳದಿ, ಈಗಷ್ಟೇ ಬಿಡಿಸಿದ ತೊಳೆಯ ಹಳದಿ,
ಆ ಕಪ್ಪು ಮೈಗೆ ಬೇರೆ ಯಾರದೋ ಕೈ.
"ಹತ್ತು ವರ್ಷಕ್ಕೆ ಬಣ್ಣ ಕೂಡುತ್ತದೆ,
ಅಷ್ಟು ಹೊತ್ತು ನೀವಿದ್ದರೆ ನೋಡಿ," ಎಂದು
ಮುನ್ನೂರು ಎಣಿಸಿಕೊಂಡ.
ಹೊರಡುವಾಗ ಅಂಗಿ ಹುಡುಕಿದ. ಅದು
ಅವನ ಕೈಗೇ ತಿಳಿಯದ ಹಾಗೆ
ಹಳೆಯ ಜಾಗದಲ್ಲೇ ತೂಗುತ್ತಿತ್ತು.

ರಾತ್ರಿ ದಫ್ತರ ತೆಗೆದು ಬರೆದೆ: ಕ್ರಮಸಂಖ್ಯೆ ಹದಿನೇಳು.
ಮರ, ಅಳತೆ, ದುರಸ್ತಿ.
ಹಕ್ಕುದಾರರ ಹೆಸರು ಎಂಬ ಕಲಮಿನಲ್ಲಿ
ಪೆನ್ನು ಇಟ್ಟಲ್ಲೇ ಶಾಯಿ ಹರಡಿತು.

ಒಂಬತ್ತೂವರೆಗೆ ಅಕ್ಕನಿಗೆ ಫೋನು ಹಚ್ಚಿದೆ.
"ತಾತನ ಅಪ್ಪನ ಹೆಸರಾ? ಈ ಹೊತ್ತಲ್ಲಿ?
ಯಾಕೋ, ಪೆನ್ಶನ್ನಿಗೆ ಬೇಕಾ?"
ಅವಳಿಗೂ ಗೊತ್ತಿಲ್ಲ. ಸಾಲಿಗ್ರಾಮದ ಚಿಕ್ಕತ್ತೆಯನ್ನು
ಭಾನುವಾರ ಕೇಳುತ್ತಾಳಂತೆ.
ಚಿಕ್ಕತ್ತೆಗೆ ಕಿವಿ ಕೇಳಿಸದು.