ಇಂಚು, ಸೆಂಟು

ಪಕ್ಕದ ತೋಟದವರು ಕೇಳಿದ್ದು ಎರಡೇ ಸಾಲು,
ಇಂಗ್ಲಿಷಿನಲ್ಲಿ, ಲೆಟರ್‌ಹೆಡ್ಡಿನ ಮೇಲೆ.
ನಮ್ಮದು ಮಾರಾಟವಾಯಿತಲ್ಲ. ಮಳೆ ಅಳೆಯುತ್ತಿದ್ದ ಬೋಜಿಗೆ
ಅಲ್ಲೂ ಅದೇ ಕೆಲಸವಂತೆ,
ಅವಳು ಎಂಥವಳೆಂದು ಯಾರಾದರೂ ಬರೆದುಕೊಟ್ಟರೆ.

ಬರೆಯುವುದು ರೈಟರ ಕೆಲಸ. ನಾನು ರೈಟರು.
ಅಮ್ಮತ್ತಿಯ ಈ ತೋಟದಲ್ಲಿ ಹತ್ತೊಂಬತ್ತು ವರ್ಷ
ಚೆಕ್‌ರೋಲು, ಗೊಬ್ಬರ, ಬೋನಸ್ಸು ಬರೆದಿದ್ದೇನೆ.
ಒಬ್ಬ ಹೆಂಗಸನ್ನು ಬರೆದದ್ದಿಲ್ಲ.

ಡಿಕ್ಷನರಿ ಇಳಿಸಿದೆ. ಬೆಳ್ಳಿಹುಳ ತಿಂದುಳಿದ ಹಾಳೆಗಳಲ್ಲಿ
ಒಂದು ಪದ ಇನ್ನೊಂದನ್ನು ತೋರಿಸಿ ಜಾರಿಕೊಳ್ಳುತ್ತದೆ,
ವಿಳಾಸ ಕೇಳಿದರೆ ಮುಂದಿನ ಮನೆ ತೋರಿಸುವವರ ಹಾಗೆ.

ಕಾನ್‌ಸ್ಟಂಟ್: ಪಿಯುಸಿಯಲ್ಲಿ ನನ್ನನ್ನು ಫೇಲು ಮಾಡಿದ ಕೆ.
ಲೆಕ್ಕದ ಮೂಲೆಯಲ್ಲಿ ಕೂತಿರುತ್ತಿತ್ತು,
ಸುತ್ತ ಏನು ಬದಲಾದರೂ ಅದಕ್ಕೆ ಗೊತ್ತಾಗುತ್ತಿರಲಿಲ್ಲ.
ಬೋಜಿಗೆ ಗೊತ್ತಾಗುತ್ತದೆ. ಮಾರ್ಚಿನ ಹೂಮಳೆ ಇಂಚು ದಾಟಿದ ದಿನ
ಆಫೀಸಿನ ಮೆಟ್ಟಿಲು ಹತ್ತುವ ಅವಳ ಹೆಜ್ಜೆಯೇ ಬೇರೆ.

ಸ್ಟೆಡಿ? ಅದು ಮೆಣಸು ಕುಯ್ಯುವವನು
ಏಣಿ ಹಿಡಿದವನಿಗೆ ಮೇಲಿಂದ ಕೂಗುವ ಮಾತು.
ಕೂಗಿದಾಗಲೇ ತಿಳಿಯುತ್ತದೆ, ಏಣಿ ಅಲುಗುತ್ತಿದೆ.

ರಿಲಯಬಲ್ ಎಂಬುದು ಗೋಣಿಕೊಪ್ಪದ ಬಸ್ಸು.
ವಾರಕ್ಕೆರಡು ಸಲ ತಿರುವಿನಲ್ಲಿ ಹೊಗೆಯುಗುಳಿ ನಿಲ್ಲುತ್ತದೆ.

ಡಿಪೆಂಡಬಲ್. ಇದಿರಲಿ ಎಂದುಕೊಂಡೆ.
ಆಮೇಲೆ ಪಿಎಫ್ ಫಾರಮ್ಮು ನೆನಪಾಯಿತು: ಡಿಪೆಂಡೆಂಟ್ಸ್ ಎಂಬ ಕಲಮ್ಮಿನಲ್ಲಿ
ಗಂಡನ ಹೆಸರಿನ ಕೆಳಗೆ ಬೋಜಿ,
ಅವನು ಸಿಲ್ವರ್ ಮರದಿಂದ ಬಿದ್ದು ಚಾಪೆ ಹಿಡಿದ
ಏಳು ವರ್ಷವೂ.

ಫೇತ್‌ಫುಲ್ ಅಂತ ಹಾಕಯ್ಯ, ಅಂದಿದ್ದರು ಸಾವ್ಕಾರ್ ಬೆಳ್ಯಪ್ಪ
ಜೀಪು ಹತ್ತುತ್ತ.
ಆ ಪದ ತೋಟದಲ್ಲಿ ಮೊದಲೇ ಇದೆ.
ಬಂಗಲೆಯ ಹಿಂದೆ ಕಿತ್ತಳೆ ಗಿಡದ ಬುಡದಲ್ಲಿ,
ದೊರೆಯ ನಾಯಿಯ ಗೋರಿಕಲ್ಲಿನ ಮೇಲೆ.
ಪಾಚಿ ಕೆರೆದರೆ ಓದಬಹುದು.

ನಮ್ಮಲ್ಲಿ ನೆಚ್ಚು ಎಂದರೆ ಸಾಕು,
ನಂಬಿದ್ದೂ ಆಯಿತು, ಅಕ್ಕರೆಯೂ ಆಯಿತು.
ಅದನ್ನು ಲೆಟರ್‌ಹೆಡ್ಡು ಒಪ್ಪುವುದಿಲ್ಲ.

ರಾತ್ರಿ ಮಳೆ ರಿಜಿಸ್ಟರುಗಳನ್ನು ಹರವಿಕೊಂಡು ಕೂತೆ.
ಇಪ್ಪತ್ತಾರು ವರ್ಷ, ಬೆಳಿಗ್ಗೆ ಎಂಟು ಗಂಟೆ,
ಇಂಚು ಒಂದು ಮನೆಯಲ್ಲಿ, ಸೆಂಟು ಇನ್ನೊಂದರಲ್ಲಿ.
ರಾತ್ರಿಶಾಲೆಯಲ್ಲಿ ಕಲಿತ ಅಂಕಿ, ನಾಲ್ಕು ಮಾತ್ರ ಸದಾ ಉಲ್ಟಾ.
ಆಷಾಢದಲ್ಲಿ ಯಾರು ಬೇಕಾದರೂ ಅಳೆದಾರು.
ಇವಳು ಜನವರಿಯ ಮೂವತ್ತೊಂದು ದಿನವೂ
ಗುಡ್ಡದವರೆಗೆ ನಡೆದು, ಬೀಗ ತೆಗೆದು, ಬಗ್ಗಿ,
ಸೊನ್ನೆಯನ್ನು ಕಣ್ಣಾರೆ ನೋಡಿ ಬಂದಿದ್ದಾಳೆ.

ಒಂದೇ ಒಂದು ಕಡೆ ಅಂಕಿಯಿಲ್ಲ.
ಗುಡ್ಡ ಜಾರಿದ ಆ ಆಗಸ್ಟಿನ ಒಂದು ಬೆಳಿಗ್ಗೆ.
ಅಲ್ಲೊಂದು ಪುಟ್ಟ ಬಾಟಲಿಯ ಚಿತ್ರ,
ಬಾಯಿಯಿಂದ ಹೊರಕ್ಕೆ ಮೂರು ಗೆರೆ.
ತುಂಬಿ ಚೆಲ್ಲಿತ್ತು. ಎಷ್ಟೆಂದು ಅವಳಿಗೆ ಗೊತ್ತಿರಲಿಲ್ಲ.
ಏಳೋ ಎಂಟೋ ಗೀಚಿದ್ದರೆ ಯಾರು ಕೇಳುತ್ತಿದ್ದರು?
ನಾನಾಗಿದ್ದರೆ ಗೀಚುತ್ತಿದ್ದೆ.

ಹಾಗಾಗಿ ಗುಣವಾಚಕ ಬಿಟ್ಟು ಬರೆದೆ:
ಈಕೆ ದಿನವೂ ಹೋಗಿ ನೋಡಿದಳು.
ಗೊತ್ತಿಲ್ಲದ ದಿನ ಗೊತ್ತಿಲ್ಲ ಎಂದಳು.

ಬೆಳ್ಯಪ್ಪನವರು ಓದಿ, ಇದೆಂಥ ಸರ್ಟಿಫಿಕೇಟಯ್ಯ ಎಂದು ನಕ್ಕು
ನಡುವೆ ತಮ್ಮ ಕೈಯಾರೆ ಫೇತ್‌ಫುಲ್ ಸೇರಿಸಿದರು.
ಟೈಪು ಮಾಡುವಾಗ ಅದು ಬಿಟ್ಟುಹೋಯಿತು.
ರುಜು ಹಾಕುವಾಗ ಅವರು ಮತ್ತೆ ಓದಲಿಲ್ಲ.
ನನ್ನ ಬಗ್ಗೆ ಯಾರಾದರೂ ಬರೆಯುವುದಾದರೆ
ಇದನ್ನೂ ಬರೆಯಲಿ.

ಬೋಜಿ ಕಾಗದವನ್ನು ಮಡಿಸಿ, ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡಳು.
ಏನು ಬರೆದಿದೆ ಎಂದು ಕೇಳಲಿಲ್ಲ.
ಗೇಜಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು,
ಬಿಡಲೋ ಬೇಡವೋ ಎಂಬಂತೆ
ಬೆರಳನ್ನು ಅದರ ಮೇಲೇ ಊರಿ ಕೇಳಿದಳು:

ನಾಳೆ ಎಂಟಕ್ಕೆ ಯಾರು ಹೋಗೋದು?