ಸನ್ಯಾಸಿನಿಯ ಹೊಟ್ಟೆ, ಇನ್ನೂರು ಗ್ರಾಂ

ಅಲೆಂತೇಜು ಬಯಲಲ್ಲಿ ಬಸ್ಸಿಳಿದಾಗ ಮಧ್ಯಾಹ್ನ ಎರಡೂವರೆ.
ತೊಗಟೆ ಸುಲಿಸಿಕೊಂಡ ಕಾರ್ಕ್ ಮರಗಳು
ಕೆಂಪು ಬರಿಮೈಯಲ್ಲಿ ನಿಂತಿದ್ದವು.
ಎದೆಯ ಮೇಲೊಂದು ಬಿಳಿ ಅಂಕಿ, ಸುಲಿದ ವರ್ಷದ ಗುರುತು.
ಇವಕ್ಕಾದರೂ ಲೇಬಲ್ ಸರಿಯಾಗಿದೆ, ಅಂದುಕೊಂಡೆ.

ಚೀಲದಲ್ಲಿ ಉಷ್ಣಮಾಪಕ, ಭೂತಗನ್ನಡಿ,
ಅಕ್ಷರದ ಎತ್ತರ ಅಳೆಯುವ ಪುಟ್ಟ ಸ್ಕೇಲು.
ಒಂದು ಪಾಯಿಂಟ್ ಎರಡು ಮಿಲಿಮೀಟರಿಗಿಂತ ಕುಳ್ಳಾದರೆ ತಪ್ಪು.
ಗೋಧಿ, ಮೊಟ್ಟೆ, ಬಾದಾಮಿ ದಪ್ಪಕ್ಷರದಲ್ಲಿಲ್ಲದಿದ್ದರೆ ದಂಡ.
ಅತ್ತಿಹಣ್ಣು ಬಿಡಿಸಿ ಹುಳು ಎಣಿಸುವುದು,
ಹದಿನೇಳು ವರ್ಷದಿಂದ
ಸರ್ಕಾರ ನನಗೆ ಸಂಬಳ ಕೊಡುವುದು ಅದಕ್ಕೇ.

ಹಳೆಯ ಮಠದ ಹಿಂಗೋಡೆಗೆ ಆತುಕೊಂಡು
ಅದೋಜಿಂದಾ ಅಜ್ಜಿಯ ಮಿಠಾಯಿ ಅಂಗಡಿ.
ಗಾಜಿನ ಕಪಾಟಿನಲ್ಲಿ ಹಳದಿಯೋ ಹಳದಿ:
ದೇವದೂತನ ಗದ್ದ,
ಸ್ವರ್ಗದ ಹಂದಿಕೊಬ್ಬು,
ಸನ್ಯಾಸಿನಿಯ ಹೊಟ್ಟೆ.

'ಇದರಲ್ಲಿ ಹಂದಿಕೊಬ್ಬು ಶೇಕಡಾ ಎಷ್ಟು?'
'ಸೊನ್ನೆ. ನಮ್ಮಮ್ಮನ ಕಾಲಕ್ಕೇ ಬಿಟ್ಟಾಯಿತು.'
ಸ್ವರ್ಗ ಎಷ್ಟು ಎಂದು ನಾನು ಕೇಳಿರಲಿಲ್ಲ,
ತಾನೇ ಒಂದು ಚೂರು ಮುರಿದು ಚಾಚಿದಳು:
'ಅದನ್ನು ನೀನೇ ತಿಂದು ಹೇಳು.'
ಕೆಲಸದ ವೇಳೆ ತಿನ್ನುವಂತಿಲ್ಲ, ಅಂದೆ.

'ಹಾಗಾದರೆ ಕೇಳು. ಮೊಟ್ಟೆಯ ಬಿಳಿಯೆಲ್ಲ
ಮಠದವರ ಬಟ್ಟೆಗೆ ಗಂಜಿಯಾಗಿ ಹೋಗುತ್ತಿತ್ತು.
ಹಳದಿ ಉಳಿಯುತ್ತಿತ್ತು, ಬಕೆಟ್ಟುಗಟ್ಟಲೆ.
ಹೊರಗೆ ಕಾಲಿಡದ ಹೆಂಗಸರು ಅದಕ್ಕೆ ಸಕ್ಕರೆ ಸುರಿದು
ಏನೇನೋ ಹೆಸರಿಟ್ಟು ನಕ್ಕರು.
ಆ ನಗು ಯಾವ ಕಾಲಮ್ಮಿಗೆ ಬರುತ್ತದೆ?'

ಜನರೂಢಿಯ ಹೆಸರಿಗೆ ಕಾನೂನಿನಲ್ಲಿ ಜಾಗವುಂಟಜ್ಜಿ,
ಆದರೆ ಒಳಗೇನಿದೆ ಎಂದು ಬರೆಯಬೇಕು. ಯಾವ ವರ್ಗದ ಪದಾರ್ಥ?
'ಹೊಟ್ಟೆಪಾಡು ಅಂತ ಬರಕೋ.'

ಆಮೇಲೆ ಕನ್ನಡಕ ಏರಿಸಿ ನನ್ನ ಕೊರಳ ಬಿಲ್ಲೆ ಓದಿದಳು.
ಫೆಲಿಸ್ಮಿನಾ. ಫೆಲೀಸ್ ಅಂದರೆ ನಮ್ಮಲ್ಲಿ ಸುಖಿ.
'ನಿನ್ನದರಲ್ಲಿ ಶೇಕಡಾ ಎಷ್ಟು, ಮಗಳೇ?'

ಪೆನ್ನಿನ ಮುಚ್ಚಳ ಹುಡುಕಿದೆ.

ಕೆಳಗಿನ ಹಲಗೆಯಲ್ಲಿ ಕಾರ್ಖಾನೆಯ ಪೊಟ್ಟಣಗಳು,
ಮಳೆ ಬಂದ ದಿನ ಒಲೆ ಹಚ್ಚಲಾಗದಿದ್ದರೆ ಮಾರಲಿಕ್ಕೆ.
'ಬಾದಾಮಿ ಬಿಸ್ಕತ್ತು.' ಅಷ್ಟೇ. ಸಾಧು ಹೆಸರು.
ಅಕ್ಷರದ ಎತ್ತರ ಸರಿ, ದಪ್ಪ ಸರಿ, ತಾರೀಕು ಸರಿ,
ಮೂಲೆಯಲ್ಲಿ ಮುಸುಕು ಹೊದ್ದು ನಗುವ ಒಬ್ಬಳು ಮುದುಕಿ.
'ಯಾರಿವಳು?'
'ಗೊತ್ತಿಲ್ಲ. ನಮ್ಮೂರವಳಂತೂ ಅಲ್ಲ.'
ಲೆಕ್ಕಕ್ಕಿರಲಿ ಎಂದು ಒಂದು ಪೊಟ್ಟಣ ಮೊಹರು ಮಾಡಿಕೊಂಡೆ.

ಹನ್ನೆರಡನೆಯ ದಿನ ಪ್ರಯೋಗಾಲಯದಿಂದ ಕಾಗದ:
ಬಾದಾಮಿ ನೂರಕ್ಕೆ ನಾಲ್ಕು.
ಮಿಕ್ಕಿದ್ದು ಜರ್ದಾಳು ಓಟೆಯೊಳಗಿನ ಬೀಜದ ಹಿಟ್ಟು, ಒಂದಿಷ್ಟು ಪರಿಮಳ.
ಹೆಸರಿಗೆ ಕ್ಷೀರಸಾಗರ, ಮಜ್ಜಿಗೆಗೂ ತತ್ವಾರ.
ಆ ಹೊಟ್ಟೆ, ಆ ಗದ್ದ, ಆ ಸ್ವರ್ಗ
ಯಾರನ್ನೂ ಒಂದು ದಿನವೂ ಮೋಸಮಾಡಿರಲಿಲ್ಲ.
ಹದಿನೇಳು ವರ್ಷ ನಾನು ಭೂತಗನ್ನಡಿ ಹಿಡಿದದ್ದು
ಬಹುಶಃ ಮೇಲಿನ ಹಲಗೆಗೇ ಹೆಚ್ಚು.

ಎರಡನೇ ಸಲ ಹೋದಾಗ ಕಪಾಟಿನಲ್ಲಿ ಕೈಬರಹದ ಚೀಟಿಗಳು.
ಸ್ಕೇಲಿಟ್ಟು ನೋಡಿದೆ: ಅಕ್ಷರ ನಾಲ್ಕು ಮಿಲಿಮೀಟರು.
'ಸನ್ಯಾಸಿನಿಯ ಹೊಟ್ಟೆ.
ಮೊಟ್ಟೆಯ ಹಳದಿ, ಸಕ್ಕರೆ, ಬಾದಾಮಿ, ನಿನ್ನೆಯ ಗೋಧಿ ಬ್ರೆಡ್ಡು.
ಸನ್ಯಾಸಿನಿ ಇಲ್ಲ. ಕೊನೆಯವಳು
ನಮ್ಮ ಮುತ್ತಜ್ಜಿಗೆ ಪಾಕದ ಎಳೆ ತೋರಿಸಿಕೊಟ್ಟು
ಮಾರನೇ ಚಳಿಗಾಲ ತೀರಿಕೊಂಡಳು.'

ಕಡೆಯ ಸಾಲು ಅಗತ್ಯವಿಲ್ಲ ಅನ್ನಬಹುದಿತ್ತು.
ಷರಾ: ತೃಪ್ತಿಕರ, ಎಂದು ಬರೆದು ಸಹಿ ಹಾಕಿದೆ.

ಐದು ಗಂಟೆ ಹೊಡೆಯಿತು. ಬಿಲ್ಲೆ ಚೀಲಕ್ಕೆ ಹಾಕಿ
ಗಿರಾಕಿಯಂತೆ ಕೇಳಿದೆ: ಹೊಟ್ಟೆ, ಇನ್ನೂರು ಗ್ರಾಂ.
ತಕ್ಕಡಿಯ ಮುಳ್ಳು ಇನ್ನೂರಹನ್ನೆರಡಕ್ಕೆ ನಿಂತಿತು.
ಅವಳು ಇನ್ನೂರಕ್ಕೇ ದುಡ್ಡು ತೆಗೆದುಕೊಂಡಳು.

ಅದನ್ನು ಮಾತ್ರ ನಾನು ಎಲ್ಲೂ ಬರೆದುಕೊಳ್ಳಲಿಲ್ಲ.