ಕಾಲು ಸೆಕೆಂಡು

ಮಕ್ತಂಪುರದ ಗಲ್ಲಿಯೊಳಗ ನಂದೊಂದು ಅಂಗಡಿ:
ಒಂದು ಕಂಪ್ಯೂಟರು, ಒಂದು ಕೂಲರು,
ಗ್ವಾಡಿಗಿ ಯಾರ್ಯಾರದೋ ಮದುವಿ ಫೋಟೋ.
ಹಳೇ ಸ್ಪೀಕರಿನ ವಾಯರು ಇಲಿ ಕಡದು
ಹ್ವಾದ ಯುಗಾದಿಗಿ ಹೊಸಾದು ತಂದೆ,
ವಾಯರಿಲ್ಲದ್ದು, ಕರ್ರಗ, ತಂಬಿಗಿಯಷ್ಟು.
ನೀಲಿ ದೀಪ ಮಿಟುಕಿಸಿ ಜೋಡಿ ಹುಡುಕತದ,
ಸಿಕ್ಕ ಮ್ಯಾಲೆ ಟುಣುಕ್ ಅಂತದ, ಸುಮ್ಮನಾಗ್ತದ.

ಬರೇ ಹಾಡು ಕೇಳಿದ್ರ ಏನೂ ಗೊತ್ತಾಗಂಗಿಲ್ಲ.
ಮಾರಿ ಕಂಡಾಗೇ ತಡ ಆಗಿದ್ದು ತಿಳಿತದ.

ತಸ್ಲೀಮಳ ನಿಕಾಹ್ ಕತ್ತರಿಸ್ಲಾಕ ಕುಂತಿದ್ದೆ.
ಹೆಣ್ಮಕ್ಕಳ ಕಡಿ ಕ್ಯಾಮೆರಾ ಹಿಡದಾಕಿ ನನ್ನ ಹೆಂಡತಿ ಗುರುಬಾಯಿ,
ಆಕಿ ಕೈ ಭಾಳ ಗಟ್ಟಿ, ಒಂಚೂರು ನಡುಗಿಲ್ಲ.
ಆದರ ಪೋರ ಒಬ್ಬ ಬಲೂನ್ ಒಡದ,
ಚೂರು ನೆಲಕ್ಕ ಬಿದ್ದ ಮ್ಯಾಲೆ ಫಟ್ ಅಂತು.
ಮುದುಕಿ ಒಬ್ಬಾಕಿ ಕೆಮ್ಮಿ
ಸೆರಗಿಲೆ ಬಾಯಿ ಒರಸ್ಕೊಂಡ್ಳು,
ಆಮ್ಯಾಲೆ ಕೆಮ್ಮು ಬಂತು.

"ದನಿ ಹಿಂದ ಬಿದ್ದಾದ, ನೀ ಹ್ಯಾಂಗ ಹಿಡದಿ?"
ಬ್ಯಾಳಿ ಆರಸ್ಕೋತ ಗುರುಬಾಯಿ ಅಂದ್ಳು:
"ನಾ ಹಿಡದಾಗ ಎರಡೂ ಕೂಡೇ ಇದ್ವು."
ನಂಬಲಿಲ್ಲ. ದನಿಯ ಪಟ್ಟಿ ಎಡಕ್ಕ ಎಳದೆ,
ಆರು ಫ್ರೇಮು. ಹಾಂ, ಕೂಡಿತು.
ಪೆನ್‌ಡ್ರೈವಿಗಿ ರಿಬ್ಬನ್ ಕಟ್ಟಿ ಕೊಟ್ಟು ರೊಕ್ಕ ಎಣಿಸ್ಕೊಂಡೆ.

ಹದಿನೈದು ದಿನಕ್ಕ ತಸ್ಲೀಮ ತಾನೇ ಬಂದ್ಳು,
ಅಂಗೈಯಾಗಿನ ಮೆಹಂದಿ ಕಿತ್ತಳಿ ಬಣ್ಣಕ್ಕ ಇಳದಿತ್ತು.
"ಅಣ್ಣಾ, ಇದನ್ನ ಟಿವಿಗಿ ಹಚ್ಚಿದ್ರ
ಮನಿ ಮಂದಿ ಎಲ್ಲಾ ನಗಲಾಕತ್ಯಾರ.
ವಕೀಲ ಸಾಬ್ರು ಕೇಳ್ತಾರ, ನನ್ನ ತುಟಿ ಮುಚ್ಚೇ ಅದಾವ,
ಕಬೂಲ್ ಅಂತ ದನಿ ಬಂದೇ ಬಿಡ್ತದ.
ನಾ ಇನ್ನಾ ವಿಚಾರ ಮಾಡ್ಲಾಕತ್ತಿದ್ದೆ,
ನಿಮ್ಮ ವಿಡಿಯೋದಾಗ ಒಪ್ಕೊಂಡೇ ಬಿಟ್ಟೀನಿ.
ಎಷ್ಟು ಅವಸರ ನೋಡು ಈಕಿಗಿ, ಅಂತಾಳ ನಮ್ಮ ನಾದನಿ."

ನಗಬೇಕಂದೆ. ಬರಲಿಲ್ಲ.

ಶಹಾಬಾದ್ ಕಡಿ ಫರಸಿ ಖಣಿ ನೆನಪಾಯ್ತು.
ನನಗಿ ಆರೋ ಏಳೋ ವರ್ಷ,
ಬುತ್ತಿ ಗಂಟು ಹಿಡಕೊಂಡು ದಂಡಿ ಮ್ಯಾಲೆ ನಿಂತೀನಿ.
ಆಚಿ ಕಡಿ ತಳದಾಗ ಅಪ್ಪ, ಬೆರಳಷ್ಟು.
ಸುತ್ತಗಿ ಬೀಳ್ತದ. ಸಪ್ಪಳಿಲ್ಲ.
ಸುತ್ತಗಿ ಮತ್ತ ಮ್ಯಾಲೇಳ್ತದ,
ಅವಾಗ ಠಣ್.
ಅಪ್ಪ ಗಾಳಿಗಿ ಹೊಡದೇ ಸಪ್ಪಳ ಹುಟ್ಟಿಸ್ತಾನ
ಅಂದ್ಕೊಂಡಿದ್ದೆ ಭಾಳ ದಿನ.
ಒಮ್ಮಿ ಉಣ್ಣಾಗ ಕೇಳಿದೆ.
ರೊಟ್ಟಿ ಮುರ್ಕೋತ ಅಂದ:
"ಹೊಡದ ಕೂಡ್ಲೇ ಹೂಂ ಅನ್ನಬೇಕಂತ ಎಲ್ಲಿ ಬರದಾದ?
ಕಲ್ಲೂ ಒಂದೀಟು ವಿಚಾರ ಮಾಡ್ತದ."

ಅಟ್ಟದಾಗಿನ ಹಳೇ ಸ್ಪೀಕರು ಇಳಿಸಿದೆ.
ಇಲಿ ಕಡದಲ್ಲಿ ಟೇಪು ಸುತ್ತಿ ಹಚ್ಚಿದೆ, ಗೊರ್ ಅಂತು,
ಒಂದು ಏಟು ಹಾಕಿದ್ರ ಸುಮ್ಮನಾಯ್ತು.
ಆರು ಫ್ರೇಮು ಬಲಕ್ಕ.
ಮುದುಕಿ ಕೆಮ್ಮು ಮುದುಕಿ ಬಾಯಾಗೇ ಕುಂತಿತು.

ವಕೀಲ ಸಾಬ್ರು ಕೇಳಿದ್ರು.
ಪರದೆಯಾಗಿನ ತಸ್ಲೀಮ ತಲಿ ಬಗ್ಗಿಸಿದ್ಳು.
ಸ್ಟೂಲಿನ ಮ್ಯಾಲಿನ ತಸ್ಲೀಮ ಉಸಿರು ಹಿಡದ್ಳು.
ಯಾರೋ ಮೊಣಕೈಲೆ ತಿವದ್ರು, ಬಳಿ ಸಪ್ಪಳ,
ಅಲ್ಲೊಂದು ಫ್ಯಾನು, ಇಲ್ಲಿ ನನ್ನ ಕೂಲರು,
ಹೊರಗ ಆಟೋದವ ಸ್ಟೇಷನ್ ಸ್ಟೇಷನ್ ಅಂತ ಒದರಿ ಹ್ವಾದ.
ಆಮ್ಯಾಲೆ ತುಟಿ.
ತುಟಿ ಕೂಡೇ ದನಿ.

"ಅಷ್ಟೊತ್ತು ಸುಮ್ಮ ಇದ್ದೆನಾ ನಾ?"
ಹೂಂ ಅಂದೆ. ಎಣಿಸಿ ಹೇಳ್ಲಾ ಅಂದೆ.
"ಬ್ಯಾಡ ಅಣ್ಣಾ. ಇರಲಿ. ಅದನ್ನ ಕತ್ತರಿಸಬ್ಯಾಡ್ರಿ."

ಗುರುಬಾಯಿಗಿ ಇನ್ನಾ ಹೇಳಿಲ್ಲ, ತಪ್ಪು ನಂದೇ ಇತ್ತಂತ.
ಮನಿಗಿ ಹೋಗಿ ಚಪ್ಪಲಿ ಬಿಡತನಾ ಬಾಯಾಗೇ ಇರ್ತದ,
ಆಕಿ ಮಾರಿ ಕಂಡ್ರ ತುಟಿ ಬರೇ ಅಲ್ಲಾಡ್ತಾವ.
ಹೇಳ್ತೀನಿ.

ಕಪಾಟಿನ ಮ್ಯಾಲೆ ಆ ಕರ್ರಂದು
ನೀಲಿ ಮಿಟುಕಿಸ್ಕೋತ ಕುಂತಾದ,
ಜೋಡಿ ಹುಡುಕ್ಕೋತ.